ಕೆನಡಾಕ್ಕೆ ಗಂಡ-ಹೆಂಡತಿ, ಅಪ್ಪ-ಅಮ್ಮನನ್ನು ಕರೆಸುವುದು: ಫಾರ್ಮಿಗಿಂತ ಮೊದಲು ಊರಿನ ಕಾಗದ ನೋಡಿ

ಸಿಂಧನೂರು, ಗಂಗಾವತಿ, ಸಿರುಗುಪ್ಪ, ಕುಷ್ಟಗಿ. ಎಲ್ಲಿಯವರು ಫೋನ್ ಮಾಡಿದರೂ ಪ್ರಶ್ನೆ ಎರಡೇ. "ಮದುವಿ ಆಗ್ಯಾದ, ಹೆಣ್ತೀನ್ನ ಕೆನಡಾಕ್ಕ ಹ್ಯಾಂಗ ಕರಸ್ಕೊಳ್ಳೋದು?" ಅನ್ನೋದು ಒಂದು. "ಅಪ್ಪ ಅವ್ವನ ವಿಸಿಟರ್ ವೀಸಾ ರಿಜೆಕ್ಟ್ ಆತು, ಯಾಕ?" ಅನ್ನೋದು ಇನ್ನೊಂದು. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ನಾನು ವಕೀಲ ಅಲ್ಲ, ಕನ್ಸಲ್ಟೆಂಟ್ ಕೂಡ ಅಲ್ಲ. ಹೆಂಡತಿಯ ಫೈಲನ್ನೂ ಅಪ್ಪ-ಅಮ್ಮನ ಫೈಲನ್ನೂ ನಾನೇ ಕೂತು ತುಂಬಿದವನು. ಆಮೇಲೆ ಊರ ಕಡೆಯವರ ಹತ್ತಾರು ಫೈಲು ನೋಡಿದ್ದೇನೆ. ಫಾರ್ಮ್ ತುಂಬೋದು ಅಂಥ ಕಷ್ಟವೇನಲ್ಲ. ನಮ್ಮ ಕಡೆಯ ಫೈಲು ಸಿಕ್ಕಿಹಾಕಿಕೊಳ್ಳೋದು ಹೆಸರು, ಊರು, ತಾರೀಖು ಒಂದಕ್ಕೊಂದು ಹೊಂದದೇ ಇರುವ ಕಡೆ. ಹಾಗಾಗಿ ಆ ಭಾಗವನ್ನೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

1. ಮೊದಲು ನಿಮ್ಮ ಸ್ಥಾನ ಯಾವುದು ನೋಡಿಕೊಳ್ಳಿ

ನೀವು ಕೆನಡಾದ ಪೌರರೋ, ಪಿಆರ್ ಇರುವವರೋ ಆಗಿದ್ದರೆ ಗಂಡ ಅಥವಾ ಹೆಂಡತಿಯನ್ನು ಸ್ಪಾನ್ಸರ್ ಮಾಡಬಹುದು. ಪಿಆರ್ ಅಂದರೆ ಅಲ್ಲಿ ಕಾಯಂ ಆಗಿ ನೆಲೆಸಲು ಸಿಗುವ ಅನುಮತಿ. ಸ್ಪಾನ್ಸರ್ ಅಂದರೆ "ಇವರ ಊಟ, ಬಟ್ಟೆ, ವಸತಿಯ ಹೊಣೆ ನನ್ನದು" ಅಂತ ಸರ್ಕಾರಕ್ಕೆ ಬರೆದುಕೊಡುವುದು. ಸಂಗಾತಿಗೆ ಈ ಹೊಣೆ 3 ವರ್ಷ. ನಡುವೆ ಡೈವೋರ್ಸ್ ಆದರೂ ಹೊಣೆ ತಪ್ಪಲ್ಲ. ಸಹಿ ಹಾಕುವ ಮೊದಲು ಇದು ಗೊತ್ತಿರಲಿ.

ಪಿಆರ್ ಇರುವವರು ಕೆನಡಾದಲ್ಲಿ ವಾಸ ಇದ್ದೇ ಸ್ಪಾನ್ಸರ್ ಮಾಡಬೇಕು. ರಾಯಚೂರಿಗೆ ವಾಪಸ್ ಬಂದು ಕೂತು ಅರ್ಜಿ ಹಾಕಿದರೆ ನಡೆಯಲ್ಲ. ಪೌರರಾಗಿದ್ದರೆ ಹೊರಗಿನಿಂದಲೂ ಹಾಕಬಹುದು. ಸಂಗಾತಿಯ ಜೊತೆ ಕೆನಡಾಕ್ಕೆ ಮರಳುವ ಯೋಜನೆ ಇದೆ ಅಂತ ತೋರಿಸಿದರೆ ಸಾಕು. ನೀವೇ ಹಿಂದೆ ಯಾರದೋ ಸಂಗಾತಿಯಾಗಿ ಸ್ಪಾನ್ಸರ್ ಆಗಿ ಬಂದವರಾಗಿದ್ದರೆ, ಪಿಆರ್ ಆದ ದಿನದಿಂದ 5 ವರ್ಷ ಹೊಸ ಸಂಗಾತಿಯನ್ನು ಕರೆಸುವಂತಿಲ್ಲ.

ಸಂಬಳ ಎಷ್ಟಿರಬೇಕು ಅಂತ ಎಲ್ಲರೂ ಕೇಳ್ತಾರೆ. ಸಂಗಾತಿಯ ವಿಷಯದಲ್ಲಿ ಸಾಮಾನ್ಯವಾಗಿ ಇಂತಿಷ್ಟು ಆದಾಯ ಬೇಕು ಅನ್ನೋ ಮಿತಿ ಇಲ್ಲ. ಅಂಗವಿಕಲತೆಯ ಕಾರಣ ಬಿಟ್ಟು ಬೇರೆ ಕಾರಣಕ್ಕೆ ಸರ್ಕಾರದ ಸಹಾಯಧನದ ಮೇಲೆ ಇರಬಾರದು, ಅಷ್ಟೇ. ಕ್ವಿಬೆಕ್ ಪ್ರಾಂತ್ಯದಲ್ಲಿ ಇರುವವರಿಗೆ ಮಾತ್ರ ಅಲ್ಲಿನ ಸರ್ಕಾರದ ಒಂದು ಹೆಜ್ಜೆ ಹೆಚ್ಚು.

ವಿದ್ಯಾರ್ಥಿಯಾಗಿ ಅಥವಾ ವರ್ಕ್ ಪರ್ಮಿಟ್ ಮೇಲೆ ಇದ್ದೀರಾ? ಹಾಗಾದರೆ ಸ್ಪಾನ್ಸರ್ ಮಾಡಲು ಬರಲ್ಲ. ನಿಮಗಿರುವ ದಾರಿ ಸಂಗಾತಿಯ ಓಪನ್ ವರ್ಕ್ ಪರ್ಮಿಟ್, ಅಂದರೆ ಯಾವ ಕಂಪನಿಯಲ್ಲಾದರೂ ಕೆಲಸ ಮಾಡಲು ಬಿಡುವ ಪರವಾನಗಿ. ಇದನ್ನು 2025ರ ಜನವರಿ 21ರಿಂದ ತುಂಬಾ ಬಿಗಿ ಮಾಡಿದ್ದಾರೆ. ಓದುವವರಲ್ಲಿ 16 ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಮಾಸ್ಟರ್ಸ್, ಪಿಎಚ್‌ಡಿ, ಕೆಲವು ವೃತ್ತಿ ಕೋರ್ಸುಗಳವರ ಸಂಗಾತಿಗೆ ಮಾತ್ರ ಸಿಗುತ್ತದೆ. "ಎರಡು ವರ್ಷದ ಡಿಪ್ಲೊಮಾಕ್ಕೆ ಸೇರಿ, ಹೆಂಡತಿಗೂ ಕೆಲಸ ಸಿಗ್ತದ" ಅಂತ ಏಜೆಂಟ್ ಹೇಳಿದರೆ ಅದು ಹಳೇ ಕಥೆ.

2. ಪಿಆರ್ ಬಂದಿದೆ, ಲಗ್ನವೂ ನಿಂತಿದೆ: ಇಲ್ಲಿ ಎಚ್ಚರ

ನಾನು ಕಂಡ ತಪ್ಪುಗಳಲ್ಲಿ ಅತಿ ದುಬಾರಿಯದ್ದು ಇದು. ಹುಡುಗ ಒಬ್ಬನೇ ಇದ್ದಾಗ ಅರ್ಜಿ ಹಾಕಿರ್ತಾನೆ. ಪಿಆರ್ ಮಂಜೂರಾಗುತ್ತದೆ. ಮನೆಯವರು "ಹೋಗೋದರೊಳಗ ಮದುವಿ ಮಾಡಿಬಿಡೋಣ" ಅಂತ ಹದಿನೈದು ದಿನದಲ್ಲಿ ಮುಗಿಸುತ್ತಾರೆ. ಹುಡುಗ ಕೆನಡಾದಲ್ಲಿ ಇಳಿದು ಅವಿವಾಹಿತ ಅಂತಲೇ ಸಹಿ ಹಾಕುತ್ತಾನೆ, "ಆಮೇಲೆ ಹೆಂಡತಿಯನ್ನು ಕರೆಸಿದರಾಯ್ತು" ಅಂದುಕೊಂಡು.

ಆಮೇಲೆ ಆಗಲ್ಲ. ಪಿಆರ್ ಆಗುವ ಹೊತ್ತಿಗೆ ನಿಮಗೆ ಸಂಗಾತಿ ಇದ್ದು, ಅವರನ್ನು ತೋರಿಸದೆ, ಅವರ ತಪಾಸಣೆಯೂ ಆಗದೆ ಇದ್ದರೆ, ಮುಂದೆ ಅವರನ್ನು ಕುಟುಂಬದ ಲೆಕ್ಕದಲ್ಲಿ ಸ್ಪಾನ್ಸರ್ ಮಾಡಲು ಕಾನೂನೇ ಬಿಡಲ್ಲ. ವಲಸೆ ನಿಯಮಗಳಲ್ಲಿ ಇದು 117(9)(ಡಿ). ಮಾಹಿತಿ ಮುಚ್ಚಿಟ್ಟಿದ್ದಕ್ಕೆ ನಿಮ್ಮ ಪಿಆರ್‌ಗೇ ಕುತ್ತು ಬರಬಹುದು. ಮಾನವೀಯ ನೆಲೆಯ ಕೋರಿಕೆ ಅಂತ ಒಂದು ದಾರಿ ಇದೆ. ಅದು ಉದ್ದದ ದಾರಿ, ವಕೀಲರಿಲ್ಲದೆ ಹೋಗಬೇಡಿ.

ಸರಿಯಾದ ಕ್ರಮ ಎರಡಿವೆ. ಒಂದು, ಪಿಆರ್ ಆಗಿ ಇಳಿದ ಮೇಲೆ ಊರಿಗೆ ಬಂದು ಮದುವೆಯಾಗಿ. ಇನ್ನೊಂದು, ಇಳಿಯುವ ಮೊದಲೇ ಮದುವೆಯಾದರೆ ಕೂಡಲೇ ವಲಸೆ ಇಲಾಖೆಗೆ ತಿಳಿಸಿ ಸಂಗಾತಿಯ ಹೆಸರು ಸೇರಿಸಿ. ಒಂದಷ್ಟು ತಿಂಗಳು ತಡ ಆಗುತ್ತದೆ, ಆಗಲಿ ಬಿಡಿ. ಬರೀ ನಿಶ್ಚಿತಾರ್ಥ ಆಗಿದ್ದರೆ ಅದು ಮದುವೆ ಅಂತ ಲೆಕ್ಕ ಅಲ್ಲ.

ಇನ್ನೊಂದು ಮಾತು. ಹುಡುಗ ಅಲ್ಲಿ, ಹುಡುಗಿ ಇಲ್ಲಿ, ವಿಡಿಯೊ ಕಾಲ್‌ನಲ್ಲಿ ಮದುವೆ ಅನ್ನೋದನ್ನು ಕೆನಡಾ 2015ರಿಂದ ವಲಸೆಗೆ ಒಪ್ಪುವುದಿಲ್ಲ. ಇಬ್ಬರೂ ಒಂದೇ ಮಂಟಪದಲ್ಲಿ ಇರಬೇಕು. ಇಬ್ಬರಿಗೂ 18 ತುಂಬಿರಬೇಕು. ನಮ್ಮ ಕಾನೂನಿನಂತೆ ಗಂಡಿಗೆ 21.

3. ಊರಿನ ಕಾಗದ

ಮದುವೆ ಸರ್ಟಿಫಿಕೇಟ್‌ನಿಂದ ಶುರು ಮಾಡಿ. ಕಲ್ಯಾಣ ಮಂಟಪದವರು, ಮಠದವರು, ಸಾಮೂಹಿಕ ವಿವಾಹ ಮಾಡಿಸಿದವರು ಕೊಡುವ ಪತ್ರ ಒಂದೇ ಸಾಲದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಹಿಂದೂ ವಿವಾಹಗಳಿಗೆ 2024ರಿಂದ ಕಾವೇರಿ 2.0 ಪೋರ್ಟಲ್‌ನಲ್ಲಿ ಆನ್‌ಲೈನ್ ನೋಂದಣಿಯೂ ಇದೆ. ಬೇರೆ ಧರ್ಮದವರನ್ನು ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಆಗುವವರು 30 ದಿನದ ನೋಟಿಸ್ ಅವಧಿಯನ್ನು ರಜೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಮೂರು ವಾರದ ರಜೆಗೆ ಬಂದು ಪರದಾಡಿದವರನ್ನು ಕಂಡಿದ್ದೇನೆ.

ಸರ್ಟಿಫಿಕೇಟ್ ಕೈಗೆ ಬಂದ ತಕ್ಷಣ, ಕಚೇರಿಯ ಮೆಟ್ಟಿಲು ಇಳಿಯುವ ಮೊದಲೇ, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ಮದುವೆ ತಾರೀಖು ಲಗ್ನಪತ್ರಿಕೆಯ ಜೊತೆ ಹೊಂದಬೇಕು. ನೋಂದಣಿಯ ತಾರೀಖನ್ನು ಮದುವೆಯ ತಾರೀಖು ಅಂತ ಫಾರ್ಮಿನಲ್ಲಿ ಬರೆಯುವ ತಪ್ಪು ಬಹಳ ಜನ ಮಾಡುತ್ತಾರೆ.

ಇನ್ನು ಹೆಸರು. ನಮ್ಮ ಕಡೆ ಒಬ್ಬರಿಗೇ ಮೂರು ಹೆಸರು. ಆಧಾರ್‌ನಲ್ಲಿ ಹುಲಿಗೆಮ್ಮ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹುಲಿಗಮ್ಮ, ಪಹಣಿಯಲ್ಲಿ ಹುಲಿಗೆವ್ವ. ಮಗನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಾಯಿಯ ಹೆಸರು ಇನ್ನೊಂದು ತರ. ಊರಲ್ಲಿ ಎಲ್ಲರಿಗೂ ಒಬ್ಬರೇ ಅಂತ ಗೊತ್ತು. ಫೈಲು ನೋಡುವ ಅಧಿಕಾರಿಗೆ ಮೂವರು ಹೆಂಗಸರು ಕಾಣಿಸುತ್ತಾರೆ. ತಿದ್ದಿಸಲು ಆಗುವುದನ್ನು ತಿದ್ದಿಸಿ. ಆಗದಿದ್ದರೆ "ಈ ಎಲ್ಲ ಹೆಸರೂ ಒಬ್ಬರದೇ" ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಜೊತೆಗಿಡಿ. ಫಾರ್ಮಿನಲ್ಲಿ ಮಾತ್ರ ಎಲ್ಲ ಕಡೆ ಪಾಸ್‌ಪೋರ್ಟಿನ ಹೆಸರೇ ಬರಲಿ. ಬೇರೆ ಹೆಸರು ಬಳಸಿದ್ದೀರಾ ಅಂತ ಕೇಳುವ ಕಾಲಂನಲ್ಲಿ ಉಳಿದವನ್ನು ಬರೆಯಿರಿ.

ಮದುವೆಯಾದ ಮೇಲೆ ಹೆಂಡತಿ ಹೆಸರು ಬದಲಿಸಲೇಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತವರಿನ ಹೆಸರಿನ ಪಾಸ್‌ಪೋರ್ಟ್ ಧಾರಾಳವಾಗಿ ನಡೆಯುತ್ತದೆ. ನಡುವೆ ಬದಲಿಸಲು ಹೋದರೆ ಅರ್ಧ ಕಾಗದ ಹಳೇ ಹೆಸರು, ಅರ್ಧ ಹೊಸದು.

ಊರಿನ ಹೆಸರಿನ ತಕರಾರು ರಾಯಚೂರು, ಕೊಪ್ಪಳ, ಬಳ್ಳಾರಿ ಈ ನಮ್ಮ ಮೂರು ಜಿಲ್ಲೆಗೆ ವಿಶೇಷ. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಗಂಗಾವತಿ, ಯಲಬುರ್ಗಾದಲ್ಲಿ ಹುಟ್ಟಿದವರ ಹಳೇ ದಾಖಲೆಯಲ್ಲಿ ರಾಯಚೂರು ಜಿಲ್ಲೆ, ಹೊಸದರಲ್ಲಿ ಕೊಪ್ಪಳ. 2014ರ ನವೆಂಬರ್ 1ರಿಂದ ಇಂಗ್ಲಿಷ್ ದಾಖಲೆಗಳಲ್ಲಿ 'ಬೆಳ್ಳಾರಿ' ಹೋಗಿ 'ಬಳ್ಳಾರಿ' ಆಯಿತು. ಹೊಸಪೇಟೆಯವರು 2021ರಿಂದ ಬಳ್ಳಾರಿ ಬಿಟ್ಟು ವಿಜಯನಗರ ಜಿಲ್ಲೆಗೆ ಸೇರಿದರು. ಇದಕ್ಕೆಲ್ಲ ಹೊಸ ಪಾಸ್‌ಪೋರ್ಟ್ ಮಾಡಿಸುವ ಅಗತ್ಯ ಇಲ್ಲ. ಪಾಸ್‌ಪೋರ್ಟಿನಲ್ಲಿ ಇದ್ದಂತೆ ಬರೆಯಿರಿ. ಜಿಲ್ಲೆ ಒಡೆದದ್ದು, ಹೆಸರು ಬದಲಾದದ್ದು ಯಾವ ವರ್ಷ ಅಂತ ವಿವರಣೆ ಪತ್ರದಲ್ಲಿ ಎರಡು ಸಾಲು ಹಾಕಿ. ಸಾಕು.

ಹುಟ್ಟಿದ ತಾರೀಖಿನ ಕಥೆ ನಿಮಗೇ ಗೊತ್ತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಬಿಟ್ಟಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಇರುವ ತಾರೀಖೇ ಎಲ್ಲ ಕಡೆ ಇರಲಿ. ಜನನ ನೋಂದಣಿಯೇ ಆಗಿಲ್ಲದವರು ನಗರಸಭೆ ಅಥವಾ ತಹಸೀಲ್ದಾರ್ ಕಚೇರಿಯಿಂದ ದಾಖಲೆ ಲಭ್ಯವಿಲ್ಲ ಅನ್ನುವ ಪತ್ರ ತೆಗೆದು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜೊತೆ ಇಡಿ.

ಕನ್ನಡದಲ್ಲಿರುವ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಬೇಕು. ಜೊತೆಗೆ ಅನುವಾದ ಮಾಡಿದವರ ಅಫಿಡವಿಟ್ ಇರಬೇಕು. ನೀವಾಗಲಿ ಮನೆಯವರಾಗಲಿ ಅನುವಾದ ಮಾಡುವಂತಿಲ್ಲ. ಇಂಗ್ಲಿಷ್ ಮೇಷ್ಟ್ರಾಗಿರುವ ಚಿಕ್ಕಪ್ಪನಿಂದ ಮಾಡಿಸಿ ಸಿಕ್ಕಿಬೀಳಬೇಡಿ.

4. ಮದುವೆ ನಿಜವಾದದ್ದು ಅಂತ ತೋರಿಸುವುದು

ಅಧಿಕಾರಿಗೆ ಬೇಕಾದ ಉತ್ತರ ಒಂದೇ: ಇದು ನಿಜವಾದ ಸಂಸಾರವಾ, ವೀಸಾಕ್ಕಾಗಿ ಮಾಡಿದ್ದಾ? ಮನೆಯವರು ನೋಡಿ ಮಾಡಿದ ಮದುವೆಗೆ ಅವರು ತಕರಾರು ಮಾಡಲ್ಲ. ಆದರೆ ಹೇಗೆ ನಡೆಯಿತು ಅಂತ ನೀವು ಹೇಳಬೇಕು. ಸಂಬಂಧ ತಂದವರು ಯಾರು, ಹೆಣ್ಣು ನೋಡಿದ್ದು ಯಾವಾಗ, ಮಾತು ಮುಗಿದದ್ದು ಎಲ್ಲಿ, ಮದುವೆಗೆ ಮೊದಲು ಎಷ್ಟು ಮಾತಾಡಿದಿರಿ. ಗಂಡ ಬರೆದದ್ದೂ ಹೆಂಡತಿ ಬರೆದದ್ದೂ ಒಂದೇ ಇರಬೇಕು. ಕೂತು ಉರುಹೊಡೆಯಿರಿ ಅಂತಲ್ಲ, ತಾರೀಖುಗಳನ್ನು ಒಮ್ಮೆ ಒಟ್ಟಿಗೆ ನೋಡಿಕೊಳ್ಳಿ ಅಂತ.

ಫೋಟೊ ಕಳಿಸುವಾಗ ಆಲ್ಬಮ್‌ನಲ್ಲಿ ಮಿಂಚುವ ಜೋಡಿ ಫೋಟೊ ಮಾತ್ರ ಆರಿಸಬೇಡಿ. ಅರಿಶಿಣ, ಅಕ್ಕಿಕಾಳು, ಎರಡೂ ಕಡೆಯ ಹಿರಿಯರು, ಊಟದ ಪಂಕ್ತಿ, ಇವು ಬೇಕು. ಕೆಳಗೆ ಯಾರು, ಎಲ್ಲಿ, ಯಾವಾಗ ಅಂತ ಬರೆಯಿರಿ. ಲಗ್ನಪತ್ರಿಕೆ, ಮಂಟಪದ ರಸೀದಿ, ನೀವು ಊರಿಗೆ ಬಂದುಹೋದ ವಿಮಾನದ ಟಿಕೆಟ್, ಹಣ ಕಳಿಸಿದ ದಾಖಲೆ, ವಾಟ್ಸ್ಆ್ಯಪ್ ಕರೆಗಳ ಪಟ್ಟಿ ಇಡಿ. ಚಾಟ್ ಅಂತ ಸಾವಿರ ಪುಟ ಸುರಿಯಬೇಡಿ. ತಿಂಗಳಿಗೆ ಒಂದೆರಡು ಪುಟ ಸಾಕು.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ಇದನ್ನು ಮುಚ್ಚಿಡುವುದನ್ನು ಕಂಡಿದ್ದೇನೆ. ನಾಚಿಕೆಪಡುವಂಥದ್ದು ಏನೂ ಇಲ್ಲ. ಸೋದರಮಾವ-ಅಕ್ಕನ ಮಗಳ ಮದುವೆಗೆ ಹಿಂದೂ ವಿವಾಹ ಕಾಯ್ದೆ ಸಾಮಾನ್ಯವಾಗಿ ಒಪ್ಪದಿದ್ದರೂ ರೂಢಿ ಇರುವ ಕಡೆ ಬಿಡುತ್ತದೆ. ಕೆನಡಾದ 1990ರ ಕಾನೂನು ತಡೆಯುವುದು ನೇರ ವಂಶದವರ ಮತ್ತು ಒಡಹುಟ್ಟಿದವರ ಮದುವೆಯನ್ನು ಮಾತ್ರ. ಹಾಗಾಗಿ ನಂಟು ಬರೆದು, ನಮ್ಮಲ್ಲಿ ಇದು ತಲೆಮಾರಿನ ರೂಢಿ ಅಂತ ಹಿರಿಯರಿಂದ ಒಂದು ಪತ್ರ ಕೊಡಿಸಿ. ಅಜ್ಜಿಯ ಹೆಸರು ಎರಡೂ ಕಡೆ ಒಂದೇ ಇರುವುದನ್ನು ಅವರೇ ಕಂಡುಹಿಡಿದರೆ ಆಗ ಅನುಮಾನ ಶುರುವಾಗುತ್ತದೆ.

5. ಅರ್ಜಿ, ಹಣ, ಬೆರಳಚ್ಚು

ಅರ್ಜಿ ಆನ್‌ಲೈನ್. ಸ್ಪಾನ್ಸರ್‌ನ ಫಾರ್ಮ್ ಐಎಂಎಂ 1344, ಸಂಬಂಧದ ವಿವರ ಐಎಂಎಂ 5532, ಸಂಗಾತಿಯ ಮುಖ್ಯ ಅರ್ಜಿ ಐಎಂಎಂ 0008. 2024ರ ಏಪ್ರಿಲ್ 30ರ ದರದಂತೆ ಸ್ಪಾನ್ಸರ್ ಫೀ 85, ಅರ್ಜಿಯ ಫೀ 545, ಪಿಆರ್ ಹಕ್ಕಿನ ಫೀ 575, ಒಟ್ಟು 1,205 ಕೆನಡಾ ಡಾಲರ್ ಇತ್ತು. ಬೆರಳಚ್ಚಿಗೆ ಬೇರೆ 85. ಪಿಆರ್ ದರಗಳು ಎರಡು ವರ್ಷಕ್ಕೊಮ್ಮೆ ಏರುತ್ತವೆ, ಕಟ್ಟುವ ದಿನದ ದರ ನೋಡಿ ಕಟ್ಟಿ. ಅರ್ಜಿ ತಿರಸ್ಕಾರವಾದರೆ ಪಿಆರ್ ಹಕ್ಕಿನ ಫೀ ವಾಪಸ್ ಬರುತ್ತದೆ.

ಪಿಸಿಸಿ ಅಂದರೆ ಪೊಲೀಸ್ ಕೇಸು ಇಲ್ಲ ಅನ್ನುವ ಪ್ರಮಾಣಪತ್ರ. ಊರಿನ ಠಾಣೆಯಲ್ಲಿ ಬರೆಸಿಕೊಂಡು ಬರಬೇಡಿ, ಪಾಸ್‌ಪೋರ್ಟ್ ಸೇವಾ ಮೂಲಕವೇ ತೆಗೆಯಬೇಕು. ಸಂಗಾತಿ ದುಬೈಯಲ್ಲೋ ಬೇರೆಲ್ಲೋ ಕಳೆದ 10 ವರ್ಷದಲ್ಲಿ ಸತತ 6 ತಿಂಗಳು ಇದ್ದಿದ್ದರೆ ಆ ದೇಶದ್ದೂ ಬೇಕು.

ಬೆರಳಚ್ಚು ಮತ್ತು ಫೋಟೊಕ್ಕೆ ವಿಎಫ್‌ಎಸ್ ಕೇಂದ್ರಕ್ಕೆ ಹೋಗಬೇಕು. ಇದು ಕೆನಡಾ ಸರ್ಕಾರದ ಪರವಾಗಿ ಕಾಗದ ತೆಗೆದುಕೊಳ್ಳುವ ಕಂಪನಿ, ವೀಸಾ ಕೊಡುವವರು ಇವರಲ್ಲ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಕೊಪ್ಪಳ, ಬಳ್ಳಾರಿಯವರು ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಸೂಚನಾ ಪತ್ರದ ಪ್ರಿಂಟ್ ಮತ್ತು ಮೂಲ ಪಾಸ್‌ಪೋರ್ಟ್ ಮರೆಯಬೇಡಿ. ಹೊಸ ಮದುಮಗಳ ಕೈಯಲ್ಲಿ ಮೆಹಂದಿ ಇದ್ದರೆ ಅಚ್ಚು ಸರಿಯಾಗಿ ಬರದೆ ಹೋಗಬಹುದು. ಬಣ್ಣ ಇಳಿದ ಮೇಲಿನ ದಿನಕ್ಕೆ ಬುಕ್ ಮಾಡಿ. ಮೆಡಿಕಲ್‌ಗೆ ಅವರು ಪತ್ರ ಕಳಿಸಿದ ಮೇಲೆ, ಅವರ ಪಟ್ಟಿಯಲ್ಲಿರುವ ಡಾಕ್ಟರ್ ಹತ್ತಿರ ಮಾತ್ರ ಹೋಗಬೇಕು. ನಿಮ್ಮ ಮನೆ ಡಾಕ್ಟರ್ ರಿಪೋರ್ಟ್ ನಡೆಯಲ್ಲ.

ಕಾಯುವ ಹೊತ್ತಿನಲ್ಲಿ ಹೆಂಡತಿ ವಿಸಿಟರ್ ವೀಸಾ ಮೇಲೆ ಬಂದುಹೋಗಬಹುದಾ? ಬರಬಹುದು. ಕಾಯಂ ನೆಲೆಸುವ ಅರ್ಜಿ ಹಾಕಿದ್ದೇ ತಿರಸ್ಕಾರಕ್ಕೆ ಕಾರಣ ಆಗಬಾರದು ಅಂತ ಕೆನಡಾದ ವಲಸೆ ಕಾನೂನಿನ 22(2) ಹೇಳುತ್ತದೆ. ಆದರೆ ಪಿಆರ್ ಅರ್ಜಿಯ ನಂಬರ್ ಹಾಕಿ, ಅದು ಸಿಗದಿದ್ದರೆ ವಾಪಸ್ ಬರುತ್ತೇನೆ ಅಂತ ನೇರವಾಗಿ ಬರೆಯಿರಿ. ಸುಮ್ನೆ "ನಯಾಗರ ನೋಡಲು" ಅಂತ ಬರೆದವರ ವೀಸಾ ಹೋಗಿದೆ.

6. ಅಪ್ಪ-ಅಮ್ಮ: ವಿಸಿಟರ್ ವೀಸಾನಾ, ಸೂಪರ್ ವೀಸಾನಾ?

ಬರೀ ಬಾಣಂತನಕ್ಕೋ, ಗೃಹಪ್ರವೇಶಕ್ಕೋ ಬಂದು ಆರು ತಿಂಗಳೊಳಗೆ ಹೋಗುವುದಾದರೆ ವಿಸಿಟರ್ ವೀಸಾ ಸಾಕು. ಫೀ ಒಬ್ಬರಿಗೆ 100 ಡಾಲರ್, ಬೆರಳಚ್ಚಿಗೆ 85. ಮಗಳ ಬಾಣಂತನ ಮಾಡಲು ಬರ್ತೀನಿ ಅಂತ ಹೇಳಿದರೆ "ಕೆಲಸಕ್ಕೆ ಬರ್ತಿದ್ದಾರೆ" ಅಂದುಕೊಳ್ಳುತ್ತಾರಾ ಅಂತ ಹೆದರಬೇಡಿ. ತಾಯಿ ಮಗಳಿಗೆ ಸಂಬಳವಿಲ್ಲದೆ ಮಗು ನೋಡಿಕೊಳ್ಳಲು ನೆರವಾಗುವುದು ಕೆಲಸ ಅಲ್ಲ ಅಂತ ಇಲಾಖೆಯೇ ಉದಾಹರಣೆ ಕೊಟ್ಟಿದೆ. ನಿಜವನ್ನೇ ಬರೆಯಿರಿ.

ಸೂಪರ್ ವೀಸಾ ಅಂದರೆ ಅಪ್ಪ-ಅಮ್ಮ, ಅಜ್ಜ-ಅಜ್ಜಿಗೆ ಮಾತ್ರ ಇರುವ ವೀಸಾ. ಒಮ್ಮೆ ಬಂದರೆ 5 ವರ್ಷದವರೆಗೆ ಇರಬಹುದು. ಇದಕ್ಕೆ ಮೂರು ಷರತ್ತು ಜಾಸ್ತಿ. ಮಗ ಅಥವಾ ಮಗಳ ಆದಾಯ ಸರ್ಕಾರ ಪ್ರತಿವರ್ಷ ಹೇಳುವ ಕನಿಷ್ಠ ಮಿತಿ ಮುಟ್ಟಬೇಕು. ತಲೆ ಎಣಿಸುವಾಗ ನೀವು, ಸಂಗಾತಿ, ಮಕ್ಕಳ ಜೊತೆಗೆ ಬರುವ ಅಪ್ಪ-ಅಮ್ಮನನ್ನೂ ಸೇರಿಸಬೇಕು, ಇಲ್ಲಿ ಲೆಕ್ಕ ತಪ್ಪುತ್ತಾರೆ. ಕನಿಷ್ಠ 1 ಲಕ್ಷ ಡಾಲರ್ ಮೊತ್ತದ, ಒಂದು ವರ್ಷದ ಆರೋಗ್ಯ ವಿಮೆ ಬೇಕು. ಬರೀ ಕೊಟೇಶನ್ ನಡೆಯಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ವಿಮೆಯಲ್ಲಿ ಹೇಳಿ. ಹೇಳದೆ ಆಸ್ಪತ್ರೆ ಸೇರಿದರೆ ಬಿಲ್ಲು ನಿಮ್ಮ ತಲೆ ಮೇಲೆ. ಮೂರನೆಯದು ಮೆಡಿಕಲ್ ತಪಾಸಣೆ.

ಎರಡರಲ್ಲೂ ನೋಡುವುದು ಒಂದೇ, ಇವರು ವಾಪಸ್ ಹೋಗುತ್ತಾರಾ ಅಂತ. ನೌಕರಿಯಲ್ಲಿದ್ದವರಿಗೆ ರಜೆಪತ್ರ, ಪಿಂಚಣಿ ಪುಸ್ತಕ ಇರುತ್ತದೆ. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಹಿರಿಯರು ಏನು ತೋರಿಸಬೇಕು? ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಐಟಿ ರಿಟರ್ನ್ಸ್ ಇರೋದೇ ಇಲ್ಲ. ಪಹಣಿ, ಎಪಿಎಂಸಿಯಲ್ಲೋ ದಲಾಲಿ ಅಂಗಡಿಯಲ್ಲೋ ಮಾಲು ಮಾರಿದ ಪಟ್ಟಿ, ಆ ಹಣ ಖಾತೆಗೆ ಬಂದ ಪಾಸ್‌ಬುಕ್ ಸಾಲು, ಮನೆ ಕಂದಾಯದ ರಸೀದಿ ಇವನ್ನೆಲ್ಲ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿ. ಊರಲ್ಲಿ ಇನ್ನೊಬ್ಬ ಮಗನೋ ಮಗಳೋ, ಮೊಮ್ಮಕ್ಕಳೋ ಇದ್ದರೆ ಅದನ್ನೂ ಬರೆಯಿರಿ. ಸುಗ್ಗಿ ಮುಗಿಸಿ ಬಂದು, ಮುಂದಿನ ನಾಟಿಗೆ ವಾಪಸ್ ಅನ್ನುವ ತಾರೀಖು ಕೊಟ್ಟರೆ ಅದಕ್ಕಿಂತ ಒಳ್ಳೆ ಕಾರಣ ಬೇಕಾಗಿಲ್ಲ.

ದೊಡ್ಡ ತಪ್ಪು ಅಂದರೆ ಅರ್ಜಿ ಹಾಕುವ ವಾರ ಸಾಲ ಮಾಡಿ ಖಾತೆಗೆ ಐದು ಲಕ್ಷ ಹಾಕುವುದು. ಎಲ್ಲಿಂದ ಬಂತು ಅಂತ ಹೇಳಲಾಗದ ಹಣ ಇಲ್ಲದಿದ್ದರೇ ಮೇಲು. ಖರ್ಚು ನೀವು ನೋಡಿಕೊಳ್ಳುವುದಾದರೆ ನಿಮ್ಮ ಸಂಬಳದ ಸ್ಲಿಪ್ ಕೊಡಿ. ಆಹ್ವಾನ ಪತ್ರದಲ್ಲಿ ಅವರ ಹೆಸರು, ಹುಟ್ಟಿದ ದಿನ, ನಂಟು, ಯಾಕೆ, ಎಷ್ಟು ದಿನ, ಎಲ್ಲಿ ಉಳಿಯುತ್ತಾರೆ, ಯಾರು ಖರ್ಚು ಕೊಡುತ್ತಾರೆ, ನಿಮ್ಮ ವಿಳಾಸ, ಕೆಲಸ, ಸ್ಥಾನಮಾನ ಎಲ್ಲ ಇರಲಿ. ಭಾವುಕ ಮಾತು ಬೇಡ.

ಇನ್ನೊಂದು ಪ್ರಶ್ನೆಗೆ ಉತ್ತರ ಸರಿಯಾಗಿ ಕೊಡಿ: ಹಿಂದೆ ಯಾವುದಾದರೂ ದೇಶದ ವೀಸಾ ತಿರಸ್ಕಾರ ಆಗಿದೆಯಾ? ಅಣ್ಣನ ಮನೆಗೆ ಹೋಗಲು ಅಮೆರಿಕಕ್ಕೆ ಹಾಕಿ ಸಿಗದಿದ್ದರೂ "ಹೌದು" ಅಂತಲೇ ಬರೆಯಬೇಕು. ತಿರಸ್ಕಾರ ಆಗಿದ್ದಕ್ಕೆ ದಂಡ ಇಲ್ಲ. ಮುಚ್ಚಿಟ್ಟರೆ 5 ವರ್ಷ ಕೆನಡಾ ಬಾಗಿಲು ಮುಚ್ಚುತ್ತದೆ. ಫಾರ್ಮ್ ತುಂಬಿದ್ದು ಏಜೆಂಟ್ ಆದರೂ ಶಿಕ್ಷೆ ಸಹಿ ಹಾಕಿದವರಿಗೆ. ಹಣ ಕೊಟ್ಟು ಮಾಡಿಸುವುದಾದರೆ ಕೆನಡಾದ ವಕೀಲರೋ, ಪರವಾನಗಿ ಇರುವ ಆರ್‌ಸಿಐಸಿ, ಅಂದರೆ ಕೆನಡಾದಲ್ಲಿ ನೋಂದಾಯಿಸಿಕೊಂಡ ವಲಸೆ ಕನ್ಸಲ್ಟೆಂಟೋ ಆಗಿರಬೇಕು. ಪರವಾನಗಿ ನಂಬರ್ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

7. ತಿರಸ್ಕಾರ ಬಂದರೆ

ಅದೇ ಫೈಲನ್ನು ಮರುದಿನವೇ ಮತ್ತೆ ಕಳಿಸಬೇಡಿ, ಉತ್ತರವೂ ಅದೇ ಬರುತ್ತದೆ. ಪತ್ರದಲ್ಲಿ ಹಲವು ಸಲ ಸಿದ್ಧ ಸಾಲುಗಳಷ್ಟೇ ಇರುತ್ತವೆ. ಅಧಿಕಾರಿ ನಿಜವಾಗಿ ಬರೆದ ಟಿಪ್ಪಣಿಯನ್ನು ಮಾಹಿತಿ ಹಕ್ಕಿನಂಥ ಕಾನೂನಿನಡಿ 5 ಡಾಲರ್ ಕಟ್ಟಿ ತರಿಸಬಹುದು. ಅಪ್ಪ-ಅಮ್ಮನ ಒಪ್ಪಿಗೆ ಸಹಿ ಪಡೆದು ಕೆನಡಾದಲ್ಲಿರುವ ನೀವೇ ಹಾಕಿ. ಅದನ್ನು ಓದಿ, ಅದಕ್ಕೆ ಉತ್ತರ ಆಗುವ ಹೊಸ ಕಾಗದ ಸೇರಿಸಿ, ಆಮೇಲೆ ಮರುಅರ್ಜಿ. ವಿಸಿಟರ್ ವೀಸಾಕ್ಕೆ ಮೇಲ್ಮನವಿ ಇಲ್ಲ, ಫೆಡರಲ್ ಕೋರ್ಟ್ ಒಂದೇ. ಸಂಗಾತಿಯ ಸ್ಪಾನ್ಸರ್‌ಶಿಪ್ ತಿರಸ್ಕಾರಕ್ಕೆ ಮೇಲ್ಮನವಿ ಇದೆ, ಆದರೆ 30 ದಿನದೊಳಗೆ ಹಾಕಬೇಕು.

8. ವಿಮಾನ ನಿಲ್ದಾಣದಲ್ಲಿ

ವೀಸಾ ಇದ್ದರೂ ಒಳಗೆ ಬಿಡುವುದು ಗಡಿ ಅಧಿಕಾರಿ. ಅಪ್ಪ-ಅಮ್ಮನ ಕೈಚೀಲದಲ್ಲಿ ಆಹ್ವಾನ ಪತ್ರ, ರಿಟರ್ನ್ ಟಿಕೆಟ್, ವಿಮೆ ಕಾಗದ, ನಿಮ್ಮ ಫೋನ್ ನಂಬರ್ ಇರಲಿ, ಚೆಕ್-ಇನ್ ಬ್ಯಾಗಿನಲ್ಲಿ ಅಲ್ಲ. ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಕಟಕ ರೊಟ್ಟಿ ತಂದಿದ್ದರೆ ತಿನ್ನುವ ಸಾಮಾನು ಇದೆ ಅಂತ ಹೇಳಲು ಹೇಳಿ. ಹೇಳದಿದ್ದರೆ ದಂಡ. ಬಿತ್ತನೆ ಬೀಜ, ಗಿಡ, ಹಸಿ ಹಣ್ಣು ಬೇಡ.

ಸೀಲ್ ಹಾಕಿದ ಮೇಲೆ ಪಕ್ಕದಲ್ಲಿ ತಾರೀಖು ಬರೆದಿದ್ದಾರಾ ನೋಡಿ. ವಿಸಿಟರ್ ವೀಸಾದವರಿಗೆ ಬರೆದಿಲ್ಲ ಅಂದರೆ ಬಂದ ದಿನದಿಂದ ಆರು ತಿಂಗಳು. ವೀಸಾ ಹತ್ತು ವರ್ಷದ್ದು ಇದ್ದರೂ ಒಮ್ಮೆಗೆ ಇರಬಹುದಾದ ಅವಧಿ ಇದೇ. ಸೂಪರ್ ವೀಸಾದವರಾದರೆ ವೀಸಾ ಪುಟವನ್ನು ಅಧಿಕಾರಿಗೆ ತೋರಿಸಿ, ಎಷ್ಟು ದಿನದ ಅವಧಿ ಕೊಟ್ಟರು ಅಂತ ಅಲ್ಲೇ ಕೇಳಿಕೊಳ್ಳಲಿ. ಇನ್ನೂ ಇರಬೇಕಾದರೆ ಅವಧಿ ಮುಗಿಯಲು ಕನಿಷ್ಠ 30 ದಿನ ಇರುವಾಗಲೇ ವಿಸ್ತರಣೆಗೆ ಅರ್ಜಿ ಹಾಕಿ. ಅದರ ಫಾರ್ಮ್ ಐಎಂಎಂ 5708, ಫೀ 100 ಡಾಲರ್. ಅವಧಿಯೊಳಗೆ ಹಾಕಿದ್ದರೆ ಉತ್ತರ ಬರುವವರೆಗೆ ಇರಬಹುದು.